ನಾಣ್ಯದ ಮೇಲಿನ ಗೆಲುವು: ರೋಮನ್ ಬೆಳ್ಳಿಯ ಓದು ಮತ್ತು ಕನ್ನಡ ಸಂಶೋಧನೆ

1

ಕನ್ನಡ ಸಂಶೋಧನೆಯಲ್ಲಿ ಶಾಸನಕ್ಕೆ ದೊರೆತಿರುವ ಮನ್ನಣೆ ನಾಣ್ಯಕ್ಕೆ ದೊರೆತಿಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ ಹೊರಬಂದ ಮೇಲೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳ ಕಲ್ಬರಹಗಳೂ ತಾಮ್ರಪಟಗಳೂ ಭಾಷೆಯ ಚರಿತ್ರೆಗೆ, ಸ್ಥಳನಾಮಗಳ ಅಧ್ಯಯನಕ್ಕೆ, ಸಾಮಾಜಿಕ ಇತಿಹಾಸಕ್ಕೆ ಆಕರಗಳಾಗಿ ಒದಗಿವೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾದ ಬಳಿಕವಂತೂ ಶಾಸನವು ಕನ್ನಡ ವಿಭಾಗಗಳ ಸ್ವಂತ ಪಠ್ಯವೇ ಆಗಿದೆ. ನಾಣ್ಯದ ಮಾತು ಹಾಗಲ್ಲ. ಎ.ವಿ. ನರಸಿಂಹಮೂರ್ತಿ ಅವರು 1975ರಲ್ಲಿಯೇ ಕರ್ನಾಟಕದ ನಾಣ್ಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಹೊರತಂದಿದ್ದರೂ, ನಾಣ್ಯವು ಇತಿಹಾಸ ವಿಭಾಗದವರ ವಸ್ತು, ಕನ್ನಡ ಅಧ್ಯಾಪಕರಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ಇನ್ನೂ ಅಳಿದಿಲ್ಲ.

ಇದರ ಪರಿಣಾಮವನ್ನು ರೋಮನ್ ನಾಣ್ಯಗಳ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಸ್ಥಳೀಯ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಈ ನಾಣ್ಯಗಳು ಒಂದೇ ಒಂದು ವಾಕ್ಯದಲ್ಲಿ ಬಂದುಹೋಗುತ್ತವೆ: ಇಂಥ ಕಡೆ ರೋಮನ್ ನಾಣ್ಯಗಳು ದೊರೆತಿವೆ, ಆದ್ದರಿಂದ ಕನ್ನಡ ನಾಡಿಗೆ ರೋಮಿನೊಡನೆ ವ್ಯಾಪಾರ ಸಂಬಂಧವಿತ್ತು. ಈ ತೀರ್ಮಾನ ತಪ್ಪಲ್ಲ. ಆದರೆ ಆ ನಾಣ್ಯದ ಮೇಲೆ ಏನಿದೆ, ಅದು ಯಾರಿಗೆ ಏನನ್ನು ಹೇಳಲು ಹೊರಟಿತ್ತು, ಇಲ್ಲಿಯ ಜನ ಅದನ್ನು ಹೇಗೆ ಸ್ವೀಕರಿಸಿದರು ಎಂಬ ಪ್ರಶ್ನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದ ಕೆಲವು ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಸ್ ಅವರು 1904ರಲ್ಲಿ ಸೂಚಿಸಿದ ಮೇಲೆ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದ ವಿದ್ವಾಂಸರು ಆ ಪದಗಳ ಬೆನ್ನುಹತ್ತಿದ ಶ್ರದ್ಧೆ ಎಲ್ಲರಿಗೂ ತಿಳಿದದ್ದೇ. ದೂರದ ಪಪೈರಸ್ಸಿನ ಅಸ್ಪಷ್ಟವಾದ ನುಡಿಗಳಿಗೆ ಸಂದ ಶ್ರದ್ಧೆ, ಕನ್ನಡ ನೆಲದಲ್ಲಿಯೇ ದೊರೆತ ಸ್ಪಷ್ಟವಾದ ಮುದ್ರೆಗಳಿಗೆ ಸಲ್ಲದಿರುವುದು ಯೋಚಿಸಬೇಕಾದ ಸಂಗತಿ.

ನಾಣ್ಯವೂ ಒಂದು ಪಠ್ಯ. ಅದರಲ್ಲಿಯೂ ಗೆಲುವನ್ನು ಸಾರುವ ನಾಣ್ಯವು ಪ್ರಭುತ್ವವು ತನ್ನನ್ನು ತಾನೇ ಹೊಗಳಿಕೊಳ್ಳುವ ಕಿರಿದಾದ ಪ್ರಶಸ್ತಿ. ಪ್ರಶಸ್ತಿಯನ್ನು ಓದುವ ತರಬೇತಿ ಪಡೆದವರು ಕನ್ನಡ ವಿಭಾಗದವರು. ಆದ್ದರಿಂದ ಈ ಓದು ಅವರ ಹೊಣೆಯೂ ಹೌದು ಎಂಬುದೇ ಇಲ್ಲಿ ಮಂಡಿಸಬೇಕಾದ ವಾದ.

2

ಮೊದಲು ದೊರೆತಿರುವ ನಾಣ್ಯಗಳನ್ನು ಗಮನಿಸಬಹುದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ನಾಣ್ಯಗಳ ಇನ್ನೊಂದು ಸಂಚಯ ಹೊರಬಂದಿತು. ವಾಯವ್ಯಕ್ಕೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಮತ್ತು 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಶೋಧಗಳಿಂದ ಶಾತವಾಹನ ಕಾಲದ ನೆಲೆಯೊಂದು ಬೆಳಕಿಗೆ ಬಂದು, ಅಲ್ಲಿಯೂ ರೋಮನ್ ಬೆಳ್ಳಿ ಕಾಣಿಸಿಕೊಂಡಿತು. ಈ ಬೆಳ್ಳಿ ನಾಣ್ಯದ ಹೆಸರು ‘ದಿನಾರಿಯಸ್’. ಕ್ರಿ.ಪೂ. 211ರ ಸುಮಾರಿಗೆ, ಕಾರ್ಥೇಜಿನೊಡನೆ ಯುದ್ಧ ನಡೆಯುತ್ತಿದ್ದಾಗ, ರೋಮನ್ನರು ಇದನ್ನು ಜಾರಿಗೆ ತಂದರು. ಆಗಸ್ಟಸನ ಕಾಲಕ್ಕೆ ಒಂದು ರೋಮನ್ ಪೌಂಡು ಬೆಳ್ಳಿಯಲ್ಲಿ 84 ನಾಣ್ಯಗಳನ್ನು ಮುದ್ರಿಸುವ ಕ್ರಮವಿತ್ತು. ಒಂದೊಂದರ ತೂಕ ನಾಲ್ಕು ಗ್ರಾಮಿಗಿಂತ ಸ್ವಲ್ಪ ಕಡಿಮೆ.

ಈ ನಾಣ್ಯದ ಹೆಸರೇ ಭಾರತೀಯ ಭಾಷೆಗಳಿಗೆ ಬಂದು ‘ದೀನಾರ’ವಾಯಿತು. ಗುಪ್ತರ ಕಾಲದ ಶಾಸನಗಳಲ್ಲಿ ಅದು ಚಿನ್ನದ ನಾಣ್ಯಕ್ಕೆ ಸಲ್ಲುವ ಮಾತು. ಬೆಳ್ಳಿಯ ಹೆಸರು ಚಿನ್ನಕ್ಕೆ ಸಂದ ಈ ಅರ್ಥಪಲ್ಲಟ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಉದಾಹರಣೆ. ಗ್ರೀಕರ ‘ದ್ರಕ್ಮ’ದಿಂದ ಬಂದ ‘ದ್ರಮ್ಮ’ ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣಗಳ ಸಾಲಿನಲ್ಲಿ ಕುಳಿತಿರುವುದನ್ನೂ ಇದರೊಡನೆ ನೆನೆಯಬಹುದು.

ಬೆಂಗಳೂರು ಮತ್ತು ಚಿತ್ರದುರ್ಗಗಳ ನಡುವೆ ತುಮಕೂರು ಇದೆ. ಭೂಪಟದಲ್ಲಿ ಎರಡು ಚುಕ್ಕೆಗಳನ್ನಿಟ್ಟು ನಡುವೆ ಗೆರೆಯೆಳೆದು, ತುಮಕೂರು, ಗುಬ್ಬಿಗಳ ಮೂಲಕ ರೋಮನ್ ವ್ಯಾಪಾರದ ಹೆದ್ದಾರಿಯೇ ಹಾದುಹೋಗುತ್ತಿತ್ತು ಎಂದು ಬರೆಯುವುದು ಸುಲಭ. ಆದರೆ ನಾಣ್ಯವು ಮನುಷ್ಯನ ಕೈಯಿಂದ ಕೈಗೆ ಸಾಗುವ ವಸ್ತು. ಅದು ದೊರೆತ ಊರಿಗೆ ರೋಮಿನವನು ಬಂದಿದ್ದನೆಂದು ಅರ್ಥವಲ್ಲ. ಬೆಳ್ಳಿ ಎಷ್ಟು ಕೈ ಬದಲಾಯಿಸಿ, ಎಷ್ಟು ವರ್ಷ ಓಡಾಡಿ, ಯಾವಾಗ ನೆಲ ಸೇರಿತು ಎಂಬುದನ್ನು ಅದರ ಮೇಲಿನ ಅರಸನ ಹೆಸರು ಹೇಳುವುದಿಲ್ಲ. ಊರಿನ ಅಭಿಮಾನಕ್ಕಾಗಿ ಗೆರೆ ಎಳೆಯುವುದಕ್ಕಿಂತ, ಇರುವ ಚುಕ್ಕೆಗಳನ್ನು ಸರಿಯಾಗಿ ಓದುವುದು ಮೇಲು.

3

ರೋಮನ್ ಬೆಳ್ಳಿಗೆ ಗೆಲುವಿನ ಚಿತ್ರ ಮೊದಲಿನಿಂದಲೂ ಅಂಟಿಕೊಂಡು ಬಂದಿದೆ. ದಿನಾರಿಯಸ್ ಹುಟ್ಟಿದ ಹೊತ್ತಿನಲ್ಲಿಯೇ ‘ವಿಕ್ಟೋರಿಯಾಟಸ್’ ಎಂಬ ಇನ್ನೊಂದು ಬೆಳ್ಳಿ ನಾಣ್ಯವೂ ಹುಟ್ಟಿತು. ಅದರ ಒಂದು ಬದಿಯಲ್ಲಿ ಜುಪಿಟರ್ ದೇವತೆಯ ಮುಖ. ಇನ್ನೊಂದು ಬದಿಯಲ್ಲಿ, ಶತ್ರುವಿನಿಂದ ಕಸಿದ ಆಯುಧಗಳನ್ನು ಕಂಬಕ್ಕೆ ತೊಡಿಸಿ ನಿಲ್ಲಿಸಿದ ವಿಜಯಚಿಹ್ನೆಗೆ ಮಾಲೆ ತೊಡಿಸುತ್ತಿರುವ ವಿಕ್ಟೋರಿಯಾ ದೇವಿ. ಗ್ರೀಕರ ‘ನೀಕೆ’ಯೇ ರೋಮನ್ನರ ವಿಕ್ಟೋರಿಯಾ: ರೆಕ್ಕೆಯುಳ್ಳವಳು, ಒಂದು ಕೈಯಲ್ಲಿ ಎಲೆಗಳ ಮಾಲೆ, ಇನ್ನೊಂದರಲ್ಲಿ ಖರ್ಜೂರದ ಗರಿ ಹಿಡಿದವಳು. ಕ್ರಿ.ಪೂ. ಎರಡನೆಯ ಶತಮಾನದ ದಿನಾರಿಯಸ್‌ಗಳಲ್ಲಿ ಅವಳು ಜೋಡಿಕುದುರೆಯ ರಥವನ್ನು ನಡೆಸುತ್ತಾಳೆ. ಆಗ ಅವಳು ಗಣರಾಜ್ಯದ ದೇವಿ. ಒಬ್ಬ ಮನುಷ್ಯನ ಸ್ವತ್ತಲ್ಲ.

ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಬಳಿ ಆಂಟನಿ ಮತ್ತು ಕ್ಲಿಯೋಪಾತ್ರರನ್ನು ಸೋಲಿಸಿದ ಆಕ್ಟೇವಿಯನ್ (ಮುಂದೆ ಆಗಸ್ಟಸ್) ಈ ದೇವಿಯನ್ನು ತನ್ನವಳನ್ನಾಗಿ ಮಾಡಿಕೊಂಡ. ಹಡಗಿನ ಮುಂತುದಿಯ ಮೇಲೆ ನಿಂತ ವಿಕ್ಟೋರಿಯಾ, ಭೂಗೋಳದ ಮೇಲೆ ಕಾಲೂರಿದ ವಿಕ್ಟೋರಿಯಾ ಅವನ ನಾಣ್ಯಗಳಲ್ಲಿ ಬಂದಳು. ಕ್ರಿ.ಪೂ. 28ರ ಬೆಳ್ಳಿ ನಾಣ್ಯವೊಂದರಲ್ಲಿ ದೇವಿಯೇ ಇಲ್ಲ. ಒಂದು ಮೊಸಳೆ ಮತ್ತು ‘ಏಗುಪ್ತೋ ಕಾಪ್ತಾ’ ಎಂಬ ಎರಡು ಪದ. ಈಜಿಪ್ಟನ್ನು ವಶಪಡಿಸಿಕೊಳ್ಳಲಾಯಿತು ಎಂಬುದು ಅದರ ಅರ್ಥ. ನಾಡೊಂದನ್ನು ಅಲ್ಲಿಯ ಹೊಳೆಯ ಪ್ರಾಣಿಯೊಂದರ ಚಿತ್ರಕ್ಕೆ ಇಳಿಸಿ ಕೊಳ್ಳುಬಾಕತನವನ್ನು ಸಾರುವ ಕ್ರಮ ಇದು.

ಇನ್ನೊಂದು ನಿದರ್ಶನ ಹೆಚ್ಚು ಕುತೂಹಲಕಾರಿಯಾದುದು. ಪಾರ್ಥಿಯನ್ನರು ಹಿಂದೆ ಗೆದ್ದುಕೊಂಡಿದ್ದ ರೋಮನ್ ಸೇನೆಯ ಧ್ವಜಗಳನ್ನು ಕ್ರಿ.ಪೂ. 20ರಲ್ಲಿ ಆಗಸ್ಟಸನು ಮಾತುಕತೆಯ ಮೂಲಕ ಮರಳಿ ಪಡೆದ. ಅಲ್ಲಿ ಯುದ್ಧ ನಡೆಯಲಿಲ್ಲ. ಆದರೂ ‘ಸಿಗ್ನಿಸ್ ರೆಸೆಪ್ಟಿಸ್’ (ಧ್ವಜಗಳು ಮರಳಿ ಬಂದವು) ಎಂಬ ಬರಹದ ನಾಣ್ಯಗಳು ಅದನ್ನು ಗೆಲುವಿನಂತೆಯೇ ಹರಡಿದವು. ಹೀಗಾಗಿ ನಾಣ್ಯವನ್ನು ಘಟನೆಯ ಸಾಕ್ಷಿಯೆಂದು ತಿಳಿಯದೆ, ಘಟನೆಯನ್ನು ಕುರಿತ ಹೇಳಿಕೆಯೆಂದು ತಿಳಿಯಬೇಕಾಗುತ್ತದೆ. ಅರಸನು ಎಂಟು ದಿಕ್ಕುಗಳನ್ನೂ ಗೆದ್ದನೆಂದು ಸಾರುವ ಶಾಸನ ಪ್ರಶಸ್ತಿಗಳನ್ನು ಎಚ್ಚರದಿಂದ ಓದುವ ಕನ್ನಡ ಸಂಶೋಧಕರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

4

ಇಷ್ಟೆಲ್ಲ ಗೆಲುವಿನ ಚಿತ್ರಗಳಲ್ಲಿ ದಕ್ಷಿಣ ಭಾರತಕ್ಕೆ ಹೇರಳವಾಗಿ ಬಂದವು ಯಾವುವು? ಇಲ್ಲಿಯ ಬೆಳ್ಳಿ ಸಂಚಯಗಳಲ್ಲಿ ಎರಡು ಮಾದರಿಗಳು ಎದ್ದುಕಾಣುತ್ತವೆ. ಒಂದು, ಆಗಸ್ಟಸನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗೇಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿಗಳ ನಡುವೆ ನಿಂತಿರುವ ನಾಣ್ಯ. ಕ್ರಿ.ಪೂ. 2ರಿಂದ ಮುಂದಕ್ಕೆ ಇಂದಿನ ಫ್ರಾನ್ಸಿನ ಲಿಯೋನ್ ಟಂಕಸಾಲೆಯಲ್ಲಿ ಇದು ಅಚ್ಚಾಯಿತು. ಇನ್ನೊಂದು, ಟೈಬೀರಿಯಸನ ಮುಖ ಒಂದು ಬದಿಗೂ, ದಂಡ ಮತ್ತು ಕೊಂಬೆ ಹಿಡಿದು ಕುಳಿತ ಸ್ತ್ರೀ ಇನ್ನೊಂದು ಬದಿಗೂ ಇರುವ ‘ಪೊಂಟಿಫ್ ಮ್ಯಾಕ್ಸಿಮ್’ ಬರಹದ ನಾಣ್ಯ. ಈ ಸ್ತ್ರೀಯನ್ನು ಶಾಂತಿದೇವಿಯೆಂದೂ ಅರಸನ ತಾಯಿ ಲಿವಿಯಾಳೆಂದೂ ಗುರುತಿಸುತ್ತಾರೆ.

ಇವೆರಡರಲ್ಲಿಯೂ ಹಾರುವ ವಿಕ್ಟೋರಿಯಾ ಇಲ್ಲ. ಮೊದಲನೆಯದರಲ್ಲಿ ಯುದ್ಧದ ಆಯುಧ ರಾಜಕುಮಾರರಿಗೆ ಸಂದ ಗೌರವದ ಕಾಣಿಕೆಯಾಗಿದೆ; ಎರಡನೆಯದರಲ್ಲಿ ಆಯುಧವೇ ಇಲ್ಲ. ಗೆಲುವು ಇಲ್ಲಿ ವಂಶದ ಉತ್ತರಾಧಿಕಾರವಾಗಿ, ನೆಮ್ಮದಿಯಾಗಿ ಕುಳಿತುಬಿಟ್ಟಿದೆ. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಅವರನ್ನು ನಾಳಿನ ಅರಸರೆಂದು ತೋರಿಸಿದ ಬೆಳ್ಳಿ, ಆ ನಾಳೆ ಇಲ್ಲವಾದ ಮೇಲೆಯೂ ಕಡಲು ದಾಟಿ ಚಲಾವಣೆಯಲ್ಲಿತ್ತು. ‘ರೋಮಿನ ವಿಜಯಲಾಂಛನ ಕನ್ನಡ ನಾಡಿಗೆ ಬಂದಿತು’ ಎಂದು ಒಟ್ಟಾರೆಯಾಗಿ ಬರೆಯುವುದಕ್ಕೆ ಈ ವಿವರಗಳು ಅವಕಾಶ ಕೊಡುವುದಿಲ್ಲ.

ಇಲ್ಲಿಯ ವರ್ತಕನು ಈ ಚಿತ್ರಗಳನ್ನು ನೋಡಿ ನಾಣ್ಯವನ್ನು ಆರಿಸಿಕೊಂಡನೆನ್ನಲು ಆಧಾರವಿಲ್ಲ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳಷ್ಟು ಹಣವನ್ನು ಹೀರಿಕೊಳ್ಳುತ್ತಿದೆ ಎಂದು ಹಿರಿಯ ಪ್ಲಿನಿ ಒಂದನೆಯ ಶತಮಾನದಲ್ಲಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್‌ಗಳಿಗೆ ಒಂದು ದಿನಾರಿಯಸ್. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಈ ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದ. ಅದಕ್ಕೆ ಹಿಂದಿನ ನಾಣ್ಯಗಳೇ ದಕ್ಷಿಣ ಭಾರತದ ಬೆಳ್ಳಿ ಸಂಚಯಗಳಲ್ಲಿ ಪ್ರಧಾನವಾಗಿರುವುದನ್ನು ನೋಡಿದರೆ, ತಕ್ಕಡಿಗೆ ಸಿಕ್ಕಿದ್ದು ಬೆಳ್ಳಿಯೇ ಹೊರತು ಅರಸನ ಮುಖವಲ್ಲ ಎನ್ನಬೇಕಾಗುತ್ತದೆ. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳ ಪೈಕಿ ಬಹುಪಾಲಿನವುಗಳಲ್ಲಿ ಅರಸನ ಮುಖದ ಮೇಲೆಯೇ ಉಳಿಯ ಕಚ್ಚು ಬಿದ್ದಿದೆ. ಅದರ ಉದ್ದೇಶ ಏನೇ ಇರಲಿ, ರೋಮಿನಲ್ಲಿ ಪೂಜ್ಯವಾಗಿದ್ದ ಮುಖ ಇಲ್ಲಿ ಲೋಹದ ಮೇಲ್ಮೈ ಮಾತ್ರವಾಗಿತ್ತು ಎಂಬುದಂತೂ ನಿಜ.

ಅಂದಮೇಲೆ ಪ್ರಭಾವದ ಪ್ರಶ್ನೆಯನ್ನು ಎಚ್ಚರದಿಂದ ಎತ್ತಬೇಕು. ಮಾಲೆ ಹಿಡಿದು ಹಾರುವ ವಿಕ್ಟೋರಿಯಾಳನ್ನೂ ನಮ್ಮ ದೇವಾಲಯಗಳ ಮಾಲಾಧಾರಿ ವಿದ್ಯಾಧರರನ್ನೂ ವೀರಗಲ್ಲಿನ ಅಪ್ಸರೆಯರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಆಕರ್ಷಕವಾದ ಊಹೆ. ನಡುವಿನ ಶತಮಾನಗಳನ್ನು ತುಂಬುವ ಕೊಂಡಿಗಳಿಲ್ಲದೆ ಅದು ಊಹೆಯಾಗಿಯೇ ಉಳಿಯುತ್ತದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ಪೂರ್ವ ರೋಮನ್ ಸಾಮ್ರಾಜ್ಯದ ಐದು, ಆರನೆಯ ಶತಮಾನಗಳ ಚಿನ್ನದ ನಾಣ್ಯಗಳನ್ನು ಈ ಚರ್ಚೆಗೆ ತರಬಹುದಾದರೂ, ಆ ಹೊತ್ತಿಗೆ ಆ ಸಾಮ್ರಾಜ್ಯದ ವಿಕ್ಟೋರಿಯಾ ಉದ್ದನೆಯ ಶಿಲುಬೆ ಹಿಡಿದು, ಕ್ರಮೇಣ ಕ್ರೈಸ್ತ ದೇವದೂತನಾಗಿ ರೂಪಾಂತರಗೊಳ್ಳುತ್ತಿದ್ದಳು. ಬಂದ ಚಿತ್ರವೂ ಒಂದೇ ಆಗಿ ಉಳಿದಿರಲಿಲ್ಲ.

5

ಪ್ರಭಾವವನ್ನು ಕೈಬಿಟ್ಟರೆ ಹೋಲಿಕೆಗೆ ದಾರಿ ತೆರೆಯುತ್ತದೆ. ಗೆಲುವು ಎಲ್ಲ ಕಡೆಯೂ ಹೆಣ್ಣಾಗಿ ಕಲ್ಪಿತವಾಗಿದೆ. ಎಲ್ಲ ಕಡೆಯೂ ಅವಳು ನಿಲ್ಲುವವಳಲ್ಲ. ಅಥೆನ್ಸಿನ ಜನ ನೀಕೆಗೆ ರೆಕ್ಕೆಯಿಲ್ಲದ ವಿಗ್ರಹ ಮಾಡಿಸಿದ್ದು ಅವಳು ಹಾರಿಹೋಗಬಾರದೆಂದು ಎಂಬ ನಂಬಿಕೆಯನ್ನು ಪೌಸನಿಯಸ್ ದಾಖಲಿಸಿದ್ದಾನೆ. ಕನ್ನಡ ಶಾಸನಕವಿಗಳ ಜಯಲಕ್ಷ್ಮಿ, ವೀರಶ್ರೀಯರು ಅರಸನ ತೋಳಿನಲ್ಲಿ ನೆಲಸುತ್ತಾರೆ. ಲಕ್ಷ್ಮಿ ಚಂಚಲೆ ಎಂಬ ಎಚ್ಚರ ಆ ಕವಿಗಳಿಗೂ ಇದ್ದೇ ಇದೆ. ಆದರೆ ರೋಮಿನಲ್ಲಿ ನಾಣ್ಯಕ್ಕಿಳಿದ ಈ ದೇವಿ ಕನ್ನಡದಲ್ಲಿ ಬಹುಮಟ್ಟಿಗೆ ಪ್ರಶಸ್ತಿಯಲ್ಲಿ, ಕಾವ್ಯದಲ್ಲಿಯೇ ಉಳಿದಳು.

ದಖ್ಖನಿನ ನಾಣ್ಯಗಳಲ್ಲಿ ಗೆಲುವು ಬೇರೆ ಬಗೆಯಲ್ಲಿ ಕಾಣಿಸಿಕೊಂಡಿದೆ. ನಾಸಿಕ ಜಿಲ್ಲೆಯ ಜೋಗಲ್ತೆಂಬಿಯಲ್ಲಿ 1906ರಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ದೊರೆತವು. ಎಲ್ಲವೂ ಕ್ಷಹರಾತ ಅರಸ ನಹಪಾನನವು. ಅವುಗಳಲ್ಲಿ ಮೂರನೆಯ ಎರಡು ಭಾಗಕ್ಕೂ ಮಿಗಿಲಾದವುಗಳ ಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿದ್ದಾನೆ. ಸೋತವನ ಮುಖದ ಮೇಲೆಯೇ ಗೆದ್ದವನ ಚಿಹ್ನೆ ಬೀಳುವ ಇಲ್ಲಿ ಗೆಲುವಿಗೆ ಪ್ರತ್ಯೇಕ ದೇವಿ ಬೇಕಾಗಿಲ್ಲ.

ಕನ್ನಡ ಸಂಶೋಧಕರಿಗೆ ಇದಕ್ಕಿಂತಲೂ ಮುಖ್ಯವಾದವು ಹೊಯ್ಸಳ ವಿಷ್ಣುವರ್ಧನನ ಕಾಲದ ಚಿನ್ನದ ನಾಣ್ಯಗಳು. ಒಂದು ಬದಿಯಲ್ಲಿ ಸಿಂಹ. ಇನ್ನೊಂದು ಬದಿಯಲ್ಲಿ ಕನ್ನಡ ಲಿಪಿಯಲ್ಲಿ ‘ಶ್ರೀ ತಳಕಾಡುಗೊಂಡ’ ಅಥವಾ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬರಹ. ಕ್ರಿ.ಶ. 1116ರ ಸುಮಾರಿಗೆ ಚೋಳರಿಂದ ತಳಕಾಡನ್ನು ಗೆದ್ದುದರ, ಅನಂತರ ನೊಣಂಬವಾಡಿಯನ್ನು ಹಿಡಿದುದರ ಘೋಷಣೆ ಇದು. ‘ಏಗುಪ್ತೋ ಕಾಪ್ತಾ’ಕ್ಕೂ ‘ನೊಣಂಬವಾಡಿಗೊಂಡ’ಕ್ಕೂ ನಡುವೆ ಸುಮಾರು 1,150 ವರ್ಷಗಳ ಅಂತರವಿದೆ, ಕೊಡುಕೊಳೆಯ ಸಂಬಂಧ ಹುಡುಕುವುದು ವ್ಯರ್ಥ. ಆದರೆ ಗೆದ್ದ ನಾಡಿನ ಹೆಸರನ್ನೇ ಹಣದ ಮೇಲೆ ಒತ್ತುವ ಪ್ರಭುತ್ವದ ಬುದ್ಧಿ ಒಂದೇ.

ವ್ಯತ್ಯಾಸವೂ ಅಷ್ಟೇ ಅರ್ಥಪೂರ್ಣ. ರೋಮನ್ ನಾಣ್ಯದಲ್ಲಿ ಅರಸನ ಮುಖ ಮತ್ತು ಹೆಸರು ಪ್ರಧಾನ. ಹೊಯ್ಸಳ ನಾಣ್ಯದಲ್ಲಿ ಅರಸನ ಮುಖವಿಲ್ಲ, ಹೆಸರೂ ಇಲ್ಲ. ಬಿರುದು ಮಾತ್ರ ಇದೆ. ಆ ಬಿರುದು ಯಾರದೆಂದು ತಿಳಿಯಲು ಶಾಸನಗಳ ನೆರವು ಬೇಕು. ಅಂದರೆ ಈ ನಾಣ್ಯದ ಓದು ಕನ್ನಡ ಶಾಸನ ಬಲ್ಲವರಿಲ್ಲದೆ ಪೂರ್ಣವಾಗದು. ಇನ್ನು ‘ಗೊಂಡ’ ಎಂಬ ರೂಪವನ್ನೇ ನೋಡಬಹುದು. ‘ಕೊಳ್’ ಧಾತುವಿನ ‘ಕೊಂಡ’ ಸಮಾಸದಲ್ಲಿ ‘ಗೊಂಡ’ವಾಗಿದೆ. ‘ಕೊಳ್’ ಎಂದರೆ ಹಿಡಿಯುವುದು. ಬೆಲೆ ಕೊಟ್ಟು ಪಡೆಯುವುದೂ ‘ಕೊಳ್’. ವೀರಗಲ್ಲುಗಳ ‘ತುರುಗೊಳ್’ ಎಂಬ ಮಾತಿನಲ್ಲಿರುವುದೂ ಇದೇ ಧಾತು. ನಾಡನ್ನು ಕೊಂಡವನ ಬಿರುದು ಚಿನ್ನದ ಮೇಲೆ ಒತ್ತಲ್ಪಟ್ಟರೆ, ಹಸುಗಳನ್ನು ಕೊಂಡೊಯ್ದವರನ್ನು ತಡೆದು ಸತ್ತವನ ಹೆಸರು ಊರ ಹೊರಗಿನ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ವಿಕ್ಟೋರಿಯಾ ಬದುಕಿ ಗೆದ್ದ ಅರಸನಿಗೆ ಮಾಲೆ ಹಾಕುತ್ತಾಳೆ. ಅಪ್ಸರೆಯರು ಸತ್ತ ಸಾಮಾನ್ಯನನ್ನು ಅರಸಿ ಬರುತ್ತಾರೆ. ಗೆಲುವು ಯಾರದು ಎಂಬ ಪ್ರಶ್ನೆಗೆ ಈ ಎರಡು ಮಾಧ್ಯಮಗಳು ಕೊಡುವ ಉತ್ತರಗಳು ಬೇರೆಬೇರೆ.

6

ಈ ಓದು ತುಮಕೂರು ಸೀಮೆಗೆ ನೇರವಾಗಿ ಸಂಬಂಧಿಸಿದ್ದು. ಜಿಲ್ಲೆಯ ಉತ್ತರದ ಶಿರಾ, ಪಾವಗಡದ ಕಡೆಯ ನೆಲ ನೊಣಂಬವಾಡಿಗೆ ಸೇರಿದ್ದರೆ, ದಕ್ಷಿಣದ ಕುಣಿಗಲ್ ಗಂಗವಾಡಿಯ ಭಾಗ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ಶಕವರ್ಷ 735ನ್ನು ನಮೂದಿಸುವ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಪಟದಲ್ಲಿ ಕುಣುಂಗಿಲ್ ದೇಶವನ್ನಾಳುತ್ತಿದ್ದ ವಿಮಲಾದಿತ್ಯನ ಪ್ರಸ್ತಾಪ ಬರುತ್ತದೆ. ಅವನ ಶನಿಪೀಡೆಯನ್ನು ಪರಿಹರಿಸಿದ ಜೈನಮುನಿ ಅರ್ಕಕೀರ್ತಿಗೆ ಗ್ರಾಮದಾನವಾದುದನ್ನು ಅದು ತಿಳಿಸುತ್ತದೆ. ಅಲ್ಲಿ ಅರಸನ ವಿಜಯಗಳ ವರ್ಣನೆ ದಾನಕ್ಕೆ ಪೀಠಿಕೆ. ನಾಣ್ಯದಲ್ಲಿ ಹಾಗಲ್ಲ, ಗೆಲುವಿನ ಮಾತೇ ಮೊದಲು, ಅದೇ ಕೊನೆ. ಗೆದ್ದವರ ನಾಣ್ಯದಲ್ಲಿ ಈ ಸೀಮೆ ಕಾಣಿಸಿಕೊಳ್ಳುವುದು ‘ಕೊಂಡ’ ನೆಲವಾಗಿ. ತುಮಕೂರಿನ ಕನ್ನಡ ವಿದ್ಯಾರ್ಥಿ ‘ನೊಣಂಬವಾಡಿಗೊಂಡ’ ಎಂಬುದನ್ನು ಹೊಯ್ಸಳರ ಹೆಮ್ಮೆಯಾಗಿ ಮಾತ್ರ ಓದದೆ, ಕೊಳ್ಳಲ್ಪಟ್ಟ ನಾಡಿನ ಕಡೆಯಿಂದಲೂ ಓದಬೇಕು. ಈಜಿಪ್ಟಿನ ಮೊಸಳೆಯ ನಾಣ್ಯ ಆ ಓದಿಗೆ ಹೊರಗಿನಿಂದ ಸಿಗುವ ನೆರವು.

ಆದರೆ ಓದಲು ನಾಣ್ಯ ಉಳಿದಿರಬೇಕು. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಹಳೆಯ ಬೆಳ್ಳಿ ಅಕ್ಕಸಾಲಿಗನ ಮೂಸೆ ಸೇರುವುದು ಹೊಸದಲ್ಲ. ಸರ್ಕಾರ ಕಸಿದುಕೊಳ್ಳುತ್ತದೆ, ಪೋಲೀಸರು ಬರುತ್ತಾರೆ ಎಂಬ ಅಂಜಿಕೆ ಒಂದು ಕಡೆ. ‘ನಿಧಿ’ ಎಂಬ ಮಾತು ಹುಟ್ಟಿಸುವ ಆಸೆ ಇನ್ನೊಂದು ಕಡೆ. ನಿಧಿಯಾಸೆಗೆ ಹಾಳುಗುಡಿಗಳೂ ವೀರಗಲ್ಲುಗಳೂ ಬಲಿಯಾಗುತ್ತಿರುವಾಗ, ಸಂಶೋಧನ ಬರಹಗಳಲ್ಲಿಯೂ ನಾಣ್ಯರಾಶಿಯನ್ನು ‘ನಿಧಿ’ಯೆಂದೇ ಕರೆಯುವುದು ಉಚಿತವೇ ಎಂದು ಪರಿಶೀಲಿಸಬೇಕು. ‘ನಾಣ್ಯಸಂಚಯ’ ಎಂಬ ನಿರ್ಭಾವುಕ ಪದ ಸಾಕು.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸ್ನಾತಕೋತ್ತರ ತರಗತಿಯ ಶಾಸನಶಾಸ್ತ್ರದ ಪತ್ರಿಕೆಯಲ್ಲಿ ನಾಣ್ಯಬರಹಗಳಿಗೆ ಒಂದು ಘಟಕವಿರಬೇಕು. ಜಾನಪದ, ಸ್ಥಳನಾಮ ಸಂಗ್ರಹಕ್ಕೆಂದು ಗುಬ್ಬಿ, ಕುಣಿಗಲ್ಲಿನ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ, ನಾಣ್ಯ ಕಂಡುಬಂದರೆ ಅದು ಸಿಕ್ಕ ಜಾಗ, ಜೊತೆಗಿದ್ದ ಮಡಕೆ, ತೂಕ, ಎರಡು ಬದಿಗಳ ಚಿತ್ರ ಇವನ್ನು ದಾಖಲಿಸುವ, ತೊಳೆದು ಉಜ್ಜದಿರುವ, ತಹಸೀಲ್ದಾರರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸುವ ತಿಳಿವಳಿಕೆ ಕೊಡಬೇಕು. ಸಿಕ್ಕ ಜಾಗವನ್ನು ಕಳೆದುಕೊಂಡ ನಾಣ್ಯ ಸಂಗ್ರಾಹಕನ ಪೆಟ್ಟಿಗೆಯಲ್ಲಿ ಬೆಲೆಯುಳ್ಳದ್ದಾಗಬಹುದು. ಚರಿತ್ರೆಗೆ ಅದರ ಪ್ರಯೋಜನ ಅರ್ಧಕ್ಕೂ ಕಡಿಮೆ.

ರೋಮನ್ ಬೆಳ್ಳಿ ಇಲ್ಲಿಗೆ ಬಂದುದು ಹೆಮ್ಮೆಪಡಲು ಒಂದು ಕಾರಣ ಎಂಬಷ್ಟಕ್ಕೆ ಕನ್ನಡ ಸಂಶೋಧನೆ ನಿಲ್ಲಬಾರದು. ಅದು ತಂದ ಗೆಲುವಿನ ಮಾತು ಈ ನೆಲದಲ್ಲಿ ಯಾರ ಕಿವಿಗೂ ಬೀಳದೆ ಬರಿಯ ತೂಕವಾಗಿ ಉಳಿಯಿತು. ಶತಮಾನಗಳ ಅನಂತರ ಈ ನೆಲ ತನ್ನದೇ ಗೆಲುವಿನ ಮಾತನ್ನು ಕನ್ನಡದಲ್ಲಿ ಚಿನ್ನದ ಮೇಲೆ ಬರೆದುಕೊಂಡಿತು. ಈ ಎರಡನ್ನೂ ಒಟ್ಟಿಗೆ ಓದಿ, ಗೆದ್ದವರ ಮಾತಿನ ಪಕ್ಕದಲ್ಲಿ ವೀರಗಲ್ಲಿನ ಮಾತನ್ನು ಇಟ್ಟು ನೋಡುವ ಕೆಲಸವನ್ನು ಇನ್ನೊಂದು ವಿಭಾಗ ಮಾಡಲೆಂದು ಕಾಯುವುದರಲ್ಲಿ ಅರ್ಥವಿಲ್ಲ.